ಜೋಳ ತಿಂದವ ತೋಳ, ಬರೀ ಜೋಳ ತಿಂದವ?

ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ. ಹಾಸ್ಟೆಲ್ ಮೆಸ್ಸಿನಲ್ಲಿ ಅನ್ನ-ಸಾಂಬಾರಿನ ಮುಂದೆ ಕುಂತು ಈ ಗಾದೆ ಹೇಳದ ಉತ್ತರ ಕರ್ನಾಟಕದ ಹುಡುಗ ನಮ್ಮ ಕಾಲೇಜಿನಲ್ಲಿ ಸಿಗೋದಿಲ್ಲ. ನಾಲತವಾಡ, ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಾಗೇವಾಡಿ ಕಡೆಯಿಂದ ಬಂದ ನಮಗಂತೂ ಇದು ನಾಡಗೀತೆ ಇದ್ದಂಗ. ಮಂಡ್ಯದ ಗೆಳೆಯರು ತಕ್ಷಣ "ರಾಗಿ ತಿಂದವ ನಿರೋಗಿ" ಅಂತ ತಿರುಗಿ ಹೊಡೀತಾರೆ. ಎಲ್ಲರೂ ನಗ್ತಾರೆ, ತಟ್ಟೆ ತೊಳೆಯೋಕೆ ಏಳ್ತಾರೆ.

ಗಾದೆ ಸುಳ್ಳು ಅಂತ ನಾವು ಹೇಳ್ತಿಲ್ಲ. ಆದ್ರೆ ಅದು ಅರ್ಧ ತಟ್ಟೆಯ ಗಾದೆ. ರೊಟ್ಟಿಯ ಪಕ್ಕದಲ್ಲಿ ಏನಿತ್ತು ಅನ್ನೋದನ್ನ ಅದು ಹೇಳೋದಿಲ್ಲ. ಬರೀ ಜೋಳದ ಮೇಲೆ ಬದುಕಿದ ಬಡವರಿಗೆ ಏನಾಯಿತು ಅನ್ನೋದು ನಮ್ಮದೇ ದಖ್ಖನ್ ಪ್ರಸ್ಥಭೂಮಿಯ ವೈದ್ಯಕೀಯ ಇತಿಹಾಸದಲ್ಲಿದೆ. ಇವತ್ತು ಆ ಪಕ್ಕದ ಪಲ್ಯ, ಹಿಂಡಿ, ಹಾಲು ಒಂದೊಂದಾಗಿ ತಟ್ಟೆಯಿಂದ ಎದ್ದು ಹೋಗ್ತಿವೆ. ನಮ್ಮ ಮನೆಯವರ ತಟ್ಟೆಯಿಂದಲೂ, ಹಿತ್ತಲಲ್ಲಿ ಕಟ್ಟಿದ ಎಮ್ಮೆಯ ಮುಂದಿನಿಂದಲೂ. ಮನುಷ್ಯರ ಜೀವಸತ್ವ ಕೊರತೆ, ದನದ ಜೀವಸತ್ವ ಕೊರತೆ ಇವು ಎರಡು ಬೇರೆ ಇಲಾಖೆಗಳ ಎರಡು ಬೇರೆ ಸಮಸ್ಯೆಗಳಲ್ಲ, ಒಂದೇ ಹೊಲದ ಒಂದೇ ಸಮಸ್ಯೆ ಅನ್ನೋದು ನಮ್ಮ ವಾದ.

ಟೇಬಲ್ಲಿನಲ್ಲಿ ಇಲ್ಲದ ಜೋಳ

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆಲ್ಲ ಆ ಟೇಬಲ್ ಈಗಲೂ ಬಾಯಿಪಾಠ. ವಿಟಮಿನ್ ಎ ಕಡಿಮೆಯಾದ್ರೆ ಇರುಳುಗುರುಡು, ಬಿ1 ಕಡಿಮೆಯಾದ್ರೆ ಬೆರಿಬೆರಿ, ಸಿ ಕಡಿಮೆಯಾದ್ರೆ ಸ್ಕರ್ವಿ, ಡಿ ಕಡಿಮೆಯಾದ್ರೆ ರಿಕೆಟ್ಸ್. ಎರಡು ಮಾರ್ಕಿನ ಪ್ರಶ್ನೆ. ಸ್ಕರ್ವಿ ಅಂದ್ರೆ ಹಡಗಿನ ನಾವಿಕರು, ಬೆರಿಬೆರಿ ಅಂದ್ರೆ ಜಾವಾ ದ್ವೀಪ. ನಡುವೆ "ಬಿ3 - ಪೆಲಾಗ್ರಾ" ಅಂತ ಒಂದು ಸಾಲು ಇರ್ತಿತ್ತು. ಅದರ ಎದುರಿಗೆ ಮೆಕ್ಕೆಜೋಳ ತಿನ್ನುವ ಅಮೆರಿಕದ ಬಡವರ ಚಿತ್ರ. ಆ ಸಾಲಿನಲ್ಲಿ ನಮ್ಮ ಬಿಳಿಜೋಳದ ಹೆಸರು ಇರಲಿಲ್ಲ.

ಇರಬೇಕಿತ್ತು. ಪೆಲಾಗ್ರಾ ಅನ್ನೋದು ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆಯಿಂದ ಬರುವ ರೋಗ. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ, ಒರಟಾಗಿ, ಸುಲಿಯುತ್ತದೆ. ಕುತ್ತಿಗೆ ಸುತ್ತ ಹಾರ ಹಾಕಿದಂತೆ ಕಲೆ ಬೀಳುತ್ತದೆ. ಬಾಯಿ, ನಾಲಿಗೆ ಹುಣ್ಣಾಗಿ ಬೇಧಿ ಶುರುವಾಗುತ್ತದೆ. ಬಿಟ್ಟರೆ ನಿದ್ದೆ ಕೆಟ್ಟು, ಮನಸ್ಸು ಮಂಕಾಗಿ, ಕೊನೆಗೆ ಬುದ್ಧಿಭ್ರಮಣೆ, ಸಾವು. ಸ್ಪೇನ್ ದೇಶದ ವೈದ್ಯ ಗ್ಯಾಸ್ಪರ್ ಕಸಾಲ್ 1735ರಲ್ಲೇ ಇದನ್ನು ಗುರುತಿಸಿದ್ದ. ಕುತ್ತಿಗೆಯ ಆ ಕಲೆಗೆ ಇವತ್ತಿಗೂ ಕಸಾಲನ ಹಾರ ಅಂತಲೇ ಹೆಸರು. ಮೆಕ್ಕೆಜೋಳವನ್ನೇ ನಂಬಿದ ಯುರೋಪಿನ ಬಡವರಲ್ಲಿ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು ಸಾವಿರಾರು ಜನರನ್ನು ತಿಂದಿತು. ಇದು ಅಂಟುರೋಗ ಅಂತ ವಾದಿಸ್ತಿದ್ದವರ ಎದುರು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ 1914ರಿಂದ ಅನಾಥಾಶ್ರಮ, ಜೈಲುಗಳಲ್ಲಿ ಊಟ ಬದಲಿಸಿ ನೋಡಿ, ಇದು ತಟ್ಟೆಯ ರೋಗ ಅಂತ ತೋರಿಸಿದ.

ನಮ್ಮ ಕಥೆ ಹೈದರಾಬಾದಿನದು. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ ಕೂನೂರಿನಲ್ಲಿ ಬೆರಿಬೆರಿ ಸಂಶೋಧನೆಗೆ ಒಂದು ಸಣ್ಣ ಘಟಕ ಶುರು ಮಾಡಿದ್ದ. ಅದು ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂತು. ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಅಲ್ಲಿನ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ದಖ್ಖನ್ನಿನ ಬಡ ಕೂಲಿಕಾರರಲ್ಲಿ ಪೆಲಾಗ್ರಾ ನೋಡಿದರು. ಆ ಜನ ಮೆಕ್ಕೆಜೋಳ ತಿನ್ನುವವರಲ್ಲ, ನಮ್ಮಂತೆ ಜೋಳ ತಿನ್ನುವವರು.

ಇಲ್ಲೊಂದು ಒಗಟಿತ್ತು. ನಮ್ಮ ದೇಹ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ಸ್ವಲ್ಪ ನಯಾಸಿನ್ ತಾನೇ ತಯಾರಿಸಿಕೊಳ್ಳುತ್ತದೆ. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನಿಗೆ 1 ಮಿಲಿಗ್ರಾಂ ನಯಾಸಿನ್. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಬಹಳ ಕಡಿಮೆ, ಆದ್ದರಿಂದ ರೋಗ ಬಂತು ಅನ್ನಬಹುದು. ಜೋಳದಲ್ಲಿ ಅಷ್ಟು ಕಡಿಮೆ ಇಲ್ಲ. ಹಾಗಾದ್ರೆ ರೋಗ ಯಾಕೆ? ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಜಾಸ್ತಿ, ಅದೇ ನಯಾಸಿನ್ನಿನ ಕೆಲಸಕ್ಕೆ ಅಡ್ಡ ಬರ್ತದೆ ಅಂತ ಇವರಿಬ್ಬರು 1960ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಲ್ಯೂಸಿನ್ ಒಂದೇ ಕಾರಣ ಅನ್ನೋದನ್ನ ಆಮೇಲೆ ಎಲ್ಲ ವಿಜ್ಞಾನಿಗಳೂ ಒಪ್ಪಲಿಲ್ಲ. ಬಿ6ನಂಥ ಬೇರೆ ಜೀವಸತ್ವಗಳ ಪಾತ್ರವೂ ಇದೆ ಅಂದರು. ವಾದ ಏನೇ ಇರಲಿ, ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಇಲ್ಲ: ಜೋಳದ ಜೊತೆ ಬೇರೇನೂ ಸಿಗದ ಬಡವರಿಗೆ ಈ ರೋಗ ಬಂತು, ಬೇಳೆ, ಹಾಲು, ಪಲ್ಯ ಇದ್ದ ಮನೆಗೆ ಬರಲಿಲ್ಲ.

ಇದರಲ್ಲಿ ಪ್ರಾಣಿಯ ಪಾತ್ರವೂ ಇದೆ. ಪೆಲಾಗ್ರಾದ ಮದ್ದು ಸಿಕ್ಕಿದ್ದೇ ನಾಯಿಗಳಿಂದ. ಪೆಲಾಗ್ರಾ ಬರುವಂಥ ಊಟ ಹಾಕಿದರೆ ನಾಯಿಗೆ ನಾಲಿಗೆ ಕಪ್ಪಾಗುವ ರೋಗ ಬರುತ್ತದೆ. 1937ರಲ್ಲಿ ಅಮೆರಿಕದ ಕಾನ್ರಾಡ್ ಎಲ್ವೆಹೆಮ್ ಆ ನಾಯಿಗಳಿಗೆ ನಿಕೊಟಿನಿಕ್ ಆಮ್ಲ ಕೊಟ್ಟು ಗುಣ ಮಾಡಿದ ಮೇಲೆಯೇ ಮನುಷ್ಯರ ಪೆಲಾಗ್ರಾಕ್ಕೂ ಅದೇ ಮದ್ದು ಅಂತ ಗೊತ್ತಾಗಿದ್ದು. ಬೆರಿಬೆರಿಯ ಕಥೆ ಕೋಳಿಯದು. ಜಾವಾದಲ್ಲಿ ಕ್ರಿಶ್ಚಿಯಾನ್ ಐಕ್‌ಮನ್ ಸಾಕಿದ್ದ ಕೋಳಿಗಳು ಪಾಲಿಶ್ ಅಕ್ಕಿಯ ಅನ್ನ ತಿಂದು ಕಾಲು ಎತ್ತಲಾರದೆ ಬಿದ್ದವು, ತೌಡು ಇರುವ ಅಕ್ಕಿ ಹಾಕಿದಾಗ ಎದ್ದವು. ಆ ಕೋಳಿಗಳು ಅವನಿಗೆ 1929ರಲ್ಲಿ ನೊಬೆಲ್ ತಂದುಕೊಟ್ಟವು. ಪ್ರಾಣಿಯ ಕಾಯಿಲೆ ನೋಡಿಯೇ ಮನುಷ್ಯ ತನ್ನ ಕಾಯಿಲೆ ಅರ್ಥ ಮಾಡಿಕೊಂಡಿದ್ದಾನೆ.

ಎರಡು ಹಿಂಡಿ

ಹಾಗಾದ್ರೆ ನಮ್ಮ ಹಿರಿಯರು ಹೆಂಗ ತೋಳ ಆದರು? ಉತ್ತರ ಜೋಳದಲ್ಲಿ ಇಲ್ಲ, ಶೇಂಗಾ ಹಿಂಡಿಯಲ್ಲಿ ಇದೆ.

100 ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾಗಿದ್ದು ಹೆಚ್ಚುಕಡಿಮೆ 15 ಮಿಲಿಗ್ರಾಂ. ಹುರಿದರೂ ಈ ಜೀವಸತ್ವ ಹಾಳಾಗೋದಿಲ್ಲ. ಅಂದ್ರೆ ರೊಟ್ಟಿ ಜೊತೆ ಎರಡು ಚಮಚ ಶೇಂಗಾ ಹಿಂಡಿ, ಮೇಲೆ ಸ್ವಲ್ಪ ಎಣ್ಣೆ ಅನ್ನೋ ಆ ಸಾದಾ ಊಟ, ಜೋಳದಲ್ಲಿ ಯಾವುದು ಕೈಕೊಡ್ತದೋ ಅದನ್ನೇ ತುಂಬಿಕೊಡ್ತದೆ. ಅದರ ಮೇಲೆ ತೊಗರಿಬೇಳೆ. ಅದರ ಪಕ್ಕ ಪುಂಡಿಪಲ್ಯ, ಮೆಂತೆ, ರಾಜಗಿರಿ. ಹಸಿಯಾಗಿಯೇ ರೊಟ್ಟಿ ಜೊತೆ ತಿನ್ನೋ ಹಕ್ಕರಕಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲೋಕೆ ಹೋದಾಗ ಮಾಡೋ ಭಜ್ಜಿಯಲ್ಲಿ ಎಷ್ಟು ನಮೂನೆ ಕಾಳು, ಎಷ್ಟು ನಮೂನೆ ಸೊಪ್ಪು! ಯಾವ ಡಯಟಿಷಿಯನ್ ಬರೆದುಕೊಟ್ಟ ಚಾರ್ಟೂ ಅದಲ್ಲ. ನಯಾಸಿನ್ ಅನ್ನೋ ಹೆಸರು ಕೇಳದ ಹೆಣ್ಣುಮಕ್ಕಳು ಮಾಡಿಟ್ಟ ಊಟ.

ನಮ್ಮ ಕಡೆ 'ಹಿಂಡಿ' ಅಂದ್ರೆ ಎರಡು ಅರ್ಥ. ಒಂದು ನಾವು ತಿನ್ನೋ ಚಟ್ನಿಪುಡಿ. ಇನ್ನೊಂದು ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದು ದನಕ್ಕೆ ಹಾಕೋ ಹಿಂಡಿ. ಒಂದೇ ಬೆಳೆ ಮನುಷ್ಯನ ತಟ್ಟೆಗೂ, ದನದ ಬಾನಿಗೂ ಹೋಗ್ತಿತ್ತು ಅನ್ನೋದಕ್ಕೆ ಈ ಒಂದು ಪದವೇ ಸಾಕ್ಷಿ. ಈಗ ಶೇಂಗಾ, ತೊಗರಿ ಎರಡೂ ರಾಶಿಯಾದ ದಿನವೇ ಗಾಡಿ ಹತ್ತುತ್ತವೆ. ಹೊಲದ ಕಸಕ್ಕೆ ಎಣ್ಣಿ ಹೊಡೀತಾರೆ. ಆ ಕಳೆನಾಶಕದಲ್ಲಿ ಹಕ್ಕರಕಿ, ಗೋಳಿಪಲ್ಯ, ಕಿರಕಸಾಲಿ ಎಲ್ಲಾ 'ಕಸ' ಅಂತಲೇ ಸಾಯ್ತವೆ. ಆಳು ಸಿಗದ ಕಾಲದಲ್ಲಿ ರೈತನನ್ನು ಇದಕ್ಕೆ ಬೈಯೋದು ನ್ಯಾಯ ಅಲ್ಲ. ಆದ್ರೆ ಆ ಕಸದ ಜೊತೆ ಕೂಲಿಕಾರ ತಾಯಂದಿರು ಸಂಜೆ ಉಡಿಯಲ್ಲಿ ಕಟ್ಟಿಕೊಂಡು ಬರ್ತಿದ್ದ ದುಡ್ಡಿಲ್ಲದ ಪಲ್ಯವೂ ಹೋಯಿತು ಅನ್ನೋದನ್ನ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ.

ಕಣಕಿ ಮತ್ತು ಕಣ್ಣು

ಈಗ ಹಿತ್ತಲಿಗೆ ಬರೋಣ. ನಾಲತವಾಡದಿಂದ ನಾರಾಯಣಪುರ ಡ್ಯಾಮಿನ ಕಡೆ ಹೋಗುವ ದಾರಿಯಲ್ಲಿ ಬೇಸಿಗೆಯಲ್ಲಿ ನೋಡಿದರೆ ಎಡಕ್ಕೂ ಬಲಕ್ಕೂ ಕಪ್ಪು ಎರೆ ಬಾಯಿಬಿಟ್ಟಿರ್ತದೆ. ನೀರಾವರಿ ಇಲ್ಲದ ರೈತನ ದನಕ್ಕೆ ಮಾರ್ಚಿಯಿಂದ ಜೂನ್ ತನಕ ಬಣವೆಯ ಒಣ ಕಣಕಿಯೇ ಗತಿ.

ಹಸಿ ಮೇವಿನಲ್ಲಿ ಕ್ಯಾರೊಟಿನ್ ಇರ್ತದೆ. ದನದ ದೇಹ ಅದನ್ನು ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ. ಮೇವು ಬಿಸಿಲಿಗೆ ಒಣಗುವಾಗ ಈ ಕ್ಯಾರೊಟಿನ್ ಬಹುಪಾಲು ಹಾಳಾಗ್ತದೆ, ಬಣವೆಯಲ್ಲಿ ತಿಂಗಳುಗಟ್ಟಲೆ ಇದ್ದಂಗ ಉಳಿದದ್ದೂ ಕರಗ್ತದೆ. ಹಸಿರು ಬಣ್ಣ ಹೋಗಿ ಹಳದಿ, ಆಮೇಲೆ ಬೂದಿ ಬಣ್ಣ ಬಂತು ಅಂದ್ರೆ ಕ್ಯಾರೊಟಿನ್ ಹೋಯಿತು ಅಂತಲೇ ಲೆಕ್ಕ. ತಮಾಷೆ ಏನಂದ್ರೆ ಅದೇ ಬಿಸಿಲು ಒಣಗುವ ಮೇವಿನಲ್ಲಿ ವಿಟಮಿನ್ ಡಿ ತುಂಬುತ್ತದೆ. ಸೂರ್ಯ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಾನೆ.

ಬೆಳೆದ ಎಮ್ಮೆ, ಆಕಳು ಮಳೆಗಾಲದಲ್ಲಿ ತಿಂದ ಹಸಿರಿನಿಂದ ಯಕೃತ್ತಿನಲ್ಲಿ ಕೆಲವು ತಿಂಗಳಿಗೆ ಸಾಕಾಗುವಷ್ಟು ವಿಟಮಿನ್ ಎ ಕೂಡಿಟ್ಟುಕೊಂಡಿರ್ತದೆ. ಬೇಸಿಗೆ ಉದ್ದ ಆದಷ್ಟೂ ಆ ಗಂಟು ಕರಗ್ತದೆ. ಆಗ ಸಂಜೆಗತ್ತಲಲ್ಲಿ ದನ ಗೂಟಕ್ಕೆ, ಗೋಡೆಗೆ ಎಡವುತ್ತದೆ. ಕಣ್ಣಲ್ಲಿ ನೀರು ಸೋರುತ್ತದೆ, ಮೈಕೂದಲು ಒರಟಾಗುತ್ತದೆ. ಹೊತ್ತಿಗೆ ಸರಿಯಾಗಿ ಬೆದೆಗೆ ಬರೋದಿಲ್ಲ, ಗಬ್ಬ ನಿಲ್ಲೋದಿಲ್ಲ. ನಿಂತರೂ ಕರು ಸತ್ತೇ ಹುಟ್ಟಬಹುದು, ಇಲ್ಲಾ ಕುರುಡಾಗಿ ಹುಟ್ಟಬಹುದು. ಇದೇ ಲಕ್ಷಣಗಳಿಗೆ ಬೇರೆ ರೋಗಗಳೂ ಕಾರಣ ಇರಬಹುದು, ಅದಕ್ಕೆ ಪಶುವೈದ್ಯರೇ ನೋಡಬೇಕು. ಆದ್ರೆ ಮೇ ತಿಂಗಳಲ್ಲಿ ಒಣ ಕಣಕಿ ತಿಂದ ಎಮ್ಮೆ ಗಬ್ಬ ನಿಲ್ಲಲಿಲ್ಲ ಅಂತ ಸಂತೆಗೆ ಹೊಡೆಯುವ ಮೊದಲು ಒಂದು ಸಲ ಅದರ ಮೇವನ್ನ ನೋಡಬೇಕಲ್ವಾ?

ಕರುವಿನ ವಿಷಯ ಇನ್ನೂ ಸೂಕ್ಷ್ಮ. ತಾಯಿ ಹೊಟ್ಟೆಯಲ್ಲಿದ್ದಾಗ ಕರುವಿಗೆ ವಿಟಮಿನ್ ಎ ಬಹಳ ಕಡಿಮೆ ದಾಟುತ್ತದೆ. ಹುಟ್ಟಿದ ಕೂಡಲೇ ಕುಡಿಯುವ ಗಿಣ್ಣದ ಹಾಲೇ ಅದರ ಮೊದಲ ದೊಡ್ಡ ಡೋಸ್. ಗಿಣ್ಣ ಅಂದ್ರೆ ನಮಗೂ ಪ್ರಾಣ, ಬೆಲ್ಲ-ಯಾಲಕ್ಕಿ ಹಾಕಿ ಕಾಸಿ ಓಣಿಗೆಲ್ಲ ಹಂಚ್ತೀವಿ. ಹಂಚೋಣ, ಆದ್ರೆ ಕರುವಿನ ಹೊಟ್ಟೆ ತುಂಬಿದ ಮೇಲೆ. ಮೊದಲ ತಾಸುಗಳಲ್ಲಿ ಗಿಣ್ಣ ಸಿಗದ ಕರುವಿಗೆ ಜೀವಸತ್ವವೂ ಇಲ್ಲ, ರೋಗ ತಡೆಯುವ ಶಕ್ತಿಯೂ ಇಲ್ಲ.

ಇನ್ನು ಮನೆಯೊಳಗೆ ನೋಡ್ರಿ. ಬೇಸಿಗೆಯಲ್ಲಿ ಹೊಲದಲ್ಲಿ ಹಸಿರು ಇಲ್ಲ ಅಂದ್ರೆ ಅಡುಗೆಮನೆಯಲ್ಲೂ ಇಲ್ಲ. ಸಂತೆಯಲ್ಲಿ ಪಲ್ಯದ ಸಿವುಡು ತುಟ್ಟಿ. ಅದೇ ತಿಂಗಳುಗಳಲ್ಲಿ ಬಸುರಿ ಹೆಂಗಸರು "ಹೊತ್ತು ಮುಳುಗಿದ್ರ ಕಣ್ಣು ಮಂದ ಆಗ್ತಾವ" ಅಂದ್ರೆ ಹಿರಿಯರು "ಬಸರಾಗ ಹಂಗ, ಉಷ್ಣ ಆಗೇತಿ" ಅಂತ ಸುಮ್ಮನಾಗ್ತಾರೆ. ಅದು ಉಷ್ಣ ಅಲ್ಲ, ವಿಟಮಿನ್ ಎ ಕೊರತೆಯ ಮೊದಲ ಸಹಿ ಇರಬಹುದು. ಎಮ್ಮೆ ಗೂಟಕ್ಕೆ ಎಡವಿದ್ದಕ್ಕೂ, ಬಸುರಿ ಹೊಸ್ತಿಲಿಗೆ ಎಡವಿದ್ದಕ್ಕೂ ಕಾರಣ ಒಂದೇ. ಆದ್ರೆ ಎಮ್ಮೆಯ ಡಾಕ್ಟರ್ ಬೇರೆ, ಬಸುರಿಯ ಡಾಕ್ಟರ್ ಬೇರೆ. ಇಬ್ಬರೂ ಮಾತಾಡಿಕೊಂಡಿದ್ದನ್ನ ನಾವಂತೂ ನೋಡಿಲ್ಲ.

ನಮ್ಮ ದೇಶದಲ್ಲಿ 1970ರಿಂದ ಸಣ್ಣ ಮಕ್ಕಳಿಗೆ ವಿಟಮಿನ್ ಎ ದ್ರಾವಣ ಕುಡಿಸುವ ಕಾರ್ಯಕ್ರಮ ಇದೆ. 9 ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ 5 ವರ್ಷ ತುಂಬುವ ತನಕ 6 ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್. ಅಂಗನವಾಡಿ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಓಡಾಡಿ ಕರೆದು ಕುಡಿಸ್ತಾರೆ. ಕೊರತೆಯಿಂದ ಮಕ್ಕಳ ಕಣ್ಣು ಹೋಗೋದು ಕಡಿಮೆ ಆಗಿದ್ದರಲ್ಲಿ ಇವರ ದುಡಿಮೆಯ ಪಾಲಿದೆ. ಆದ್ರೆ ಸಂಬಳ, ಗೌರವಧನದ ಮಾತು ಬಂದಾಗ ಇವರು ರಸ್ತೆಗೆ ಬಂದು ಕೂರಬೇಕಾಗ್ತದೆ. ಅದು ಇನ್ನೊಂದು ಲೇಖನದ ವಿಷಯ.

ಹಾಲು ಡೈರಿಗೆ, ಚಹಾ ಮನೆಗೆ

ಬಿ12 ವಿಚಿತ್ರ ಜೀವಸತ್ವ. ಯಾವ ಗಿಡವೂ ಇದನ್ನ ಮಾಡೋದಿಲ್ಲ, ಯಾವ ಪ್ರಾಣಿಯೂ ಮಾಡೋದಿಲ್ಲ. ಬ್ಯಾಕ್ಟೀರಿಯಾ ಮಾತ್ರ ಮಾಡ್ತವೆ. ಎಮ್ಮೆಯ ರೂಮೆನ್ ಅನ್ನೋ ಮೊದಲ ಹೊಟ್ಟೆ ಒಂದು ದೊಡ್ಡ ಬಯೋರಿಯಾಕ್ಟರ್ ಇದ್ದಂಗ. ಅಲ್ಲಿನ ಬ್ಯಾಕ್ಟೀರಿಯಾ ಕಣಕಿಯನ್ನೇ ತಿಂದು ಬಿ ಗುಂಪಿನ ಜೀವಸತ್ವಗಳನ್ನೆಲ್ಲ ತಯಾರಿಸಿ ಎಮ್ಮೆಗೆ ಕೊಡ್ತವೆ. ಒಂದೇ ಷರತ್ತು, ಬಿ12 ತಯಾರಿಸೋಕೆ ಮೇವಿನಲ್ಲಿ ಚೂರು ಕೋಬಾಲ್ಟ್ ಇರಬೇಕು. ಅದಕ್ಕೇ ಖನಿಜ ಮಿಶ್ರಣ ಹಾಕಿ ಅಂತ ಪಶುವೈದ್ಯರು ಹೇಳೋದು. ಎಮ್ಮೆಗೆ ವಿಟಮಿನ್ ಸಿ ಚಿಂತೆಯೂ ಇಲ್ಲ, ಅದರ ಯಕೃತ್ತೇ ಅದನ್ನ ತಯಾರಿಸ್ತದೆ. ಈ ವಿಷಯದಲ್ಲಿ ನಾವು ಎಮ್ಮೆಗಿಂತ ಬಡವರು.

ನಮಗೆ ಬಿ12 ಬರೋದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ನಮ್ಮ ಭಾಗದಲ್ಲಿ ಮಾಂಸ, ಮೊಟ್ಟೆ ಮುಟ್ಟದ ಮನೆಗಳು ಬಹಳ. ಆ ಮನೆಗಳ ಬಿ12 ಎಲ್ಲಾ ಹಾಲು-ಮಜ್ಜಿಗೆಯಿಂದಲೇ ಬರಬೇಕು. ಹಿಂದೆ ಹಾಗೇ ಬರ್ತಿತ್ತು. ಈಗ ಬೆಳಗ್ಗೆ ಕರೆದ ಹಾಲು ನೇರ ಡೈರಿ ಕ್ಯಾನಿಗೆ ಹೋಗ್ತದೆ. ಮನೆಗೆ ಉಳಿಯೋದು ಚಹಾಕ್ಕೆ ಆಗುವಷ್ಟು. ಸಾಲದ ಕಂತು, ಮಕ್ಕಳ ಫೀಸು ಕಟ್ಟೋದು ಆ ಡೈರಿ ದುಡ್ಡಿನಿಂದಲೇ. ನಮ್ಮಲ್ಲಿ ಎಷ್ಟೋ ಜನರ ಕಾಲೇಜು ಫೀಸು ಆ ಕ್ಯಾನಿನಿಂದಲೇ ಬಂದಿದೆ. ಆದ್ದರಿಂದ ಡೈರಿಗೆ ಹಾಕಬೇಡಿ ಅನ್ನೋ ಉಪದೇಶ ನಾವು ಮಾಡೋದಿಲ್ಲ. ಮಕ್ಕಳು, ಬಸುರಿ, ಮುದುಕರು ಇರುವ ಮನೆಯಲ್ಲಿ ಒಂದು ಲೀಟರ್ ಮೊದಲು ಮನೆಗೆ ತೆಗೆದಿಟ್ಟು ಆಮೇಲೆ ಕ್ಯಾನಿಗೆ ಹಾಕಿ ಅಂತ ಕೇಳ್ತೀವಿ.

ಲೆಕ್ಕ ಸರಳ. ದೊಡ್ಡವರಿಗೆ ದಿನಕ್ಕೆ 2ರಿಂದ 2.5 ಮೈಕ್ರೊಗ್ರಾಂ ಬಿ12 ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು ಅರ್ಧ ಮೈಕ್ರೊಗ್ರಾಂ, 100 ಮಿಲಿಲೀಟರ್ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬಾಳೆಹಣ್ಣಿನಲ್ಲಿ, ಶೇಂಗಾ ಚಿಕ್ಕಿಯಲ್ಲಿ ಸೊನ್ನೆ.

ಈ ಸೊನ್ನೆಯಿಂದ ನೇರ ಮೊಟ್ಟೆ ಜಗಳಕ್ಕೆ ಬರ್ತೀವಿ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜೊತೆ ನಮ್ಮ ವಿಜಯಪುರ ಜಿಲ್ಲೆಯ ಶಾಲೆಗಳಲ್ಲೂ ಬಿಸಿಯೂಟಕ್ಕೆ ಮೊಟ್ಟೆ ಶುರುವಾಯಿತು, ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳು ಮೊಟ್ಟೆ ಬೇಕು ಅಂತ ಗಟ್ಟಿಯಾಗಿ ಕೇಳಿದ್ದೂ ಸುದ್ದಿಯಾಯಿತು. ಆಮೇಲೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಆಯಿತು.

ನಮ್ಮ ಗುಂಪಿನಲ್ಲಿ ಮೊಟ್ಟೆ ತಿನ್ನುವವರೂ ಇದ್ದಾರೆ, ಲಿಂಗ ಕಟ್ಟಿಕೊಂಡು ಮೊಟ್ಟೆ ಮುಟ್ಟದವರೂ ಇದ್ದಾರೆ. ಇಬ್ಬರೂ ಒಪ್ಪಿದ ಮಾತು ಇದು: ತಿನ್ನುವ ಮಗುವಿನ ಮೊಟ್ಟೆಯನ್ನು ತಿನ್ನದವರು ತಡೆಯಬಾರದು. ಹಾಗೇ ತಿನ್ನದ ಮಗುವಿಗೆ ಬಾಳೆಹಣ್ಣು ಕೊಟ್ಟು ಲೆಕ್ಕ ಸರಿಯಾಯಿತು ಅಂತ ಸರ್ಕಾರ ಕೈ ತೊಳೆಯಬಾರದು. ಆ ಮಗುವಿಗೆ ಮೊಟ್ಟೆಗೆ ಸಮನಾದದ್ದು ಹಾಲು. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ 150 ಮಿಲಿಲೀಟರ್ ಹಾಲು ಇದೆ. ಮೊಟ್ಟೆ ತಿನ್ನದ ಮಕ್ಕಳಿಗೆ ಅದನ್ನೇ ಇನ್ನೊಂದು ಲೋಟ ಹೆಚ್ಚಿಸಿದರೆ ಜಗಳವೂ ಇಲ್ಲ, ಕೊರತೆಯೂ ಇಲ್ಲ.

ಆರಿಸಿ ಎಸೆದ ಕಾಳು

ರೇಷನ್ ಅಕ್ಕಿ ತೊಳೆಯುವಾಗ ಕೆಲವು ಕಾಳು ಬೇರೆ ಥರ ಕಾಣ್ತವೆ, ನೀರಲ್ಲಿ ತೇಲ್ತವೆ. "ಪ್ಲಾಸ್ಟಿಕ್ ಅಕ್ಕಿ ಬಂದಾವ" ಅಂತ ಸುದ್ದಿ. ಮೊಬೈಲಿನಲ್ಲಿ ವಿಡಿಯೋ. ಮನೆಮಂದಿ ಕುಂತು ಆ ಕಾಳು ಆರಿಸಿ ಹೊರಗೆ ಎಸೀತಾರೆ.

ಅವು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಯಂತ್ರದಲ್ಲಿ ಮತ್ತೆ ಕಾಳಿನ ಆಕಾರಕ್ಕೆ ಒತ್ತಿದ ಸಾರವರ್ಧಿತ ಕಾಳುಗಳು. 100 ಕಾಳಿಗೆ 1ರಂತೆ ಬೆರೆಸ್ತಾರೆ. ಸರ್ಕಾರಿ ಯೋಜನೆಗಳ ಅಕ್ಕಿಯನ್ನೆಲ್ಲ 2024ರೊಳಗೆ ಹೀಗೆ ಮಾಡ್ತೀವಿ ಅಂತ ಪ್ರಧಾನಿ 2021ರ ಆಗಸ್ಟ್ 15ರಂದು ಹೇಳಿದ್ದರು. ಆದ್ರೆ ಈ ಕಾಳು ಏನು, ಯಾಕೆ ಅಂತ ನಮ್ಮ ಓಣಿಯ ಅವ್ವಂದಿರಿಗೆ ಅವರ ಮಾತಿನಲ್ಲಿ ಯಾರೂ ಕೂಡಿಸಿ ಹೇಳಲಿಲ್ಲ. ಹೇಳದಿದ್ದ ಜಾಗದಲ್ಲಿ ವಾಟ್ಸಾಪ್ ಬಂದು ಕುಂತಿತು.

ಇದನ್ನ ಅಮೃತ ಅಂತಲೂ ಹೊಗಳಬೇಕಾಗಿಲ್ಲ. ನಿಯಮದ ಪ್ರಕಾರ 1 ಕಿಲೋ ಅಕ್ಕಿಯಲ್ಲಿ ಬಿ12 ಇರೋದು 0.75ರಿಂದ 1.25 ಮೈಕ್ರೊಗ್ರಾಂ. ದಿನಕ್ಕೆ ಕಾಲು ಕಿಲೋ ತಿಂದವನಿಗೆ ಸಿಗೋದು ಹೆಚ್ಚೆಂದರೆ 0.3, ಅಂದ್ರೆ ಬೇಕಾದದ್ದರಲ್ಲಿ ಹತ್ತರಲ್ಲೊಂದು ಪಾಲು ಚಿಲ್ಲರೆ. ಉಳಿದ ಒಂಬತ್ತು ಪಾಲು ಎಲ್ಲಿಂದ? ಮತ್ತೆ ಹಾಲು, ಮೊಟ್ಟೆಗೇ ಬರಬೇಕು. ಅಕ್ಕಿಗೆ ಬೆರೆಸಿದೆವು, ಕೊರತೆ ಮುಗಿಯಿತು ಅನ್ನೋ ಸರ್ಕಾರದ ಧೈರ್ಯವೂ ತಪ್ಪು, ವಿಷ ಬೆರೆಸಿದ್ದಾರೆ ಅನ್ನೋ ಜನರ ಹೆದರಿಕೆಯೂ ತಪ್ಪು.

ನಮ್ಮದೂ ಒಂದಿಷ್ಟು

ಇದೆಲ್ಲ ಊರಿನವರ ಸಮಸ್ಯೆ, ನಾವು ಇಂಜಿನಿಯರಿಂಗ್ ಓದೋರು ಅಂದುಕೊಳ್ಳಬೇಡ್ರಿ. ಕೇಂದ್ರ ಆರೋಗ್ಯ ಸಚಿವಾಲಯ 2016-18ರಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿ ರಾಷ್ಟ್ರೀಯ ಪೋಷಣೆ ಸಮೀಕ್ಷೆ ನಡೆಸಿತು. 10ರಿಂದ 19 ವಯಸ್ಸಿನವರಲ್ಲಿ ಶೇ. 31ರಷ್ಟು ಜನಕ್ಕೆ ಬಿ12 ಕೊರತೆ, ಶೇ. 37ಕ್ಕೆ ಫೋಲೇಟ್ ಕೊರತೆ, ಶೇ. 24ಕ್ಕೆ ವಿಟಮಿನ್ ಡಿ ಕೊರತೆ. 1ರಿಂದ 4 ವರ್ಷದ ಮಕ್ಕಳಲ್ಲಿ ಬಿ12 ಕೊರತೆ ಶೇ. 14 ಮಾತ್ರ. ಬೆಳೀತಾ ಬೆಳೀತಾ ಕೊರತೆ ಎರಡು ಪಟ್ಟಿಗಿಂತ ಹೆಚ್ಚಾಗಿದೆ. ಆ ವಯಸ್ಸಿನ ಕೊನೆಯ ಅಂಚಿನಲ್ಲಿ ಇರೋರು ನಾವೇ.

ನಮ್ಮ ದಿನಚರಿ ನೋಡಿದರೆ ಆಶ್ಚರ್ಯ ಆಗೋದಿಲ್ಲ. ಬೆಳಗ್ಗೆ ತಿಂಡಿ ಬಿಟ್ಟು ಕ್ಲಾಸಿಗೆ ಓಟ. ಡಿ ತಯಾರಾಗುವ ಬಿಸಿಲು ಇರೋದು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ತನಕ. ಅಷ್ಟೂ ಹೊತ್ತು ನಾವು ಲ್ಯಾಬಿನಲ್ಲಿ ಟ್ಯೂಬ್‌ಲೈಟ್ ಕೆಳಗೆ. ಕೊಟ್ಟಿಗೆಯ ಕತ್ತಲಲ್ಲೇ ಕಟ್ಟಿಹಾಕಿದ ಕರುವಿಗೂ ನಮಗೂ ಏನು ವ್ಯತ್ಯಾಸ? ರಾತ್ರಿ ಇನ್‌ಸ್ಟಂಟ್ ನೂಡಲ್ಸ್, ಚಹಾ. ಕೈಕಾಲು ಜುಮ್ ಅನ್ನೋದು, ಪದೇ ಪದೇ ಬಾಯಿ ಹುಣ್ಣು, ಓದಿದ್ದು ತಲೆಗೆ ಹೋಗದಿರೋದು, ಮೆಟ್ಟಿಲು ಹತ್ತಿದರೆ ಉಸಿರು. ಎಲ್ಲದಕ್ಕೂ "ಎಕ್ಸಾಮ್ ಟೆನ್ಷನ್" ಅನ್ನೋ ಒಂದೇ ಹೆಸರು ಇಟ್ಟಿದ್ದೀವಿ.

ಕೆಲವರು ಮೆಡಿಕಲ್ ಶಾಪಿಗೆ ಹೋಗಿ ತಾವೇ ಕ್ಯಾಪ್ಸೂಲ್ ತಗೊಂಡು ನುಂಗ್ತಾರೆ. ಅಲ್ಲೊಂದು ಅಪಾಯ ಇದೆ. ಬಿ12 ಕೊರತೆ ಇದ್ದವರು ಬರೀ ಫೋಲಿಕ್ ಆಮ್ಲ ತಗೊಂಡರೆ ರಕ್ತ ಸುಧಾರಿಸಿದಂತೆ ಕಾಣ್ತದೆ, ಒಳಗೆ ನರಗಳ ಹಾನಿ ಮುಂದುವರೀತದೆ. ವಿಟಮಿನ್ ಎ, ಡಿ ಕೊಬ್ಬಿನಲ್ಲಿ ಕರಗುವಂಥವು, ಜಾಸ್ತಿಯಾದರೆ ದೇಹದಲ್ಲೇ ಕೂಡಿ ವಿಷವಾಗ್ತವೆ. ಆದ್ದರಿಂದ ಮೊದಲು ರಕ್ತ ಪರೀಕ್ಷೆ, ಆಮೇಲೆ ಡಾಕ್ಟರ್ ಹೇಳಿದಷ್ಟು ಮಾತ್ರೆ.

ನಾವು ಕೇಳೋದು

ಮೊದಲನೆಯದು, ಪಶು ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಸಿಗೆಗೆ ಮೊದಲು, ಫೆಬ್ರುವರಿಯಲ್ಲಿ, ಒಂದು ಸಲ ಒಟ್ಟಿಗೆ ಊರಿಗೆ ಬರಲಿ. ಒಬ್ಬರು ಎಮ್ಮೆಯ ಕಣ್ಣು ನೋಡಲಿ, ಇನ್ನೊಬ್ಬರು ಬಸುರಿಯ ಕಣ್ಣು, ಮಗುವಿನ ರಕ್ತ ನೋಡಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65ಕ್ಕೂ ಹೆಚ್ಚು ಜನಕ್ಕೆ ರಕ್ತಹೀನತೆ ಇದೆ. ಇದರ ಹಿಂದೆ ಕಬ್ಬಿಣದ ಕೊರತೆ ಮಾತ್ರ ಅಲ್ಲ, ಫೋಲೇಟ್, ಬಿ12 ಕೊರತೆಯೂ ಇರ್ತದೆ. ಇಷ್ಟು ದೊಡ್ಡ ಅಂಕಿ ಇರುವಾಗ ಎರಡು ಇಲಾಖೆ ಒಂದು ಜೀಪಿನಲ್ಲಿ ಬರೋದು ದೊಡ್ಡ ಮಾತಲ್ಲ.

ಎರಡನೆಯದು, ಬಚ್ಚಲ ನೀರು ಹರಿದುಹೋಗುವ ಕಡೆ ಒಂದು ನುಗ್ಗಿಗಿಡ, ಒಂದು ಚೊಗಚಿ ಗಿಡ. ಎಳೆ ಸೊಪ್ಪು ಅಡುಗೆಗೆ, ಬಲಿತದ್ದು ದನಕ್ಕೆ. ಬೇಸಿಗೆಯಲ್ಲಿ ಹಸಿರು ಉಳಿಯೋ ಗಿಡಗಳು ಇವು. ಪಲ್ಯಕ್ಕೆ ಒಂದು ಚಮಚ ಎಣ್ಣೆ ಬೀಳಲೇಬೇಕು, ಎಣ್ಣೆ ಇಲ್ಲದಿದ್ದರೆ ಕ್ಯಾರೊಟಿನ್ ಮೈಗೆ ಸರಿಯಾಗಿ ಹತ್ತೋದಿಲ್ಲ. ನೀರು ಇದ್ದ ರೈತರು ಮಳೆಗಾಲದ ಹಸಿ ಮೇವನ್ನು ರಸಮೇವು ಮಾಡಿ ಕೂಡಿಟ್ಟರೆ ಬರೀ ಕಣಕಿಗಿಂತ ಎಷ್ಟೋ ಮೇಲು.

ಮೂರನೆಯದು ನಮ್ಮ ಕನ್ನಡ ಸಂಘದ ಕೆಲಸ. ಸಾರವರ್ಧಿತ ಅಕ್ಕಿ ಬಗ್ಗೆ, ಗಿಣ್ಣದ ಬಗ್ಗೆ, ಬಿ12 ಬಗ್ಗೆ ಊರಿನವರಿಗೆ ತಿಳಿಯುವ ಮಾತಿನಲ್ಲಿ ಎರಡೆರಡು ನಿಮಿಷದ ವಿಡಿಯೋ ಮಾಡಬಹುದು. ಪ್ಲಾಸ್ಟಿಕ್ ಅಕ್ಕಿಯ ಸುಳ್ಳು ಅದೇ ಎರಡು ನಿಮಿಷದಲ್ಲಿ ಊರು ಮುಟ್ಟಿದೆ, ನಿಜ ಯಾಕೆ ಮುಟ್ಟಬಾರದು? ಮಾತ್ರೆಯ ಪಟ್ಟಿಯ ಮೇಲಿನ ಇಂಗ್ಲಿಷ್ ಓದೋಕೆ ಬಾರದ ಅವ್ವನ ಮಗ, ಮಗಳು ನಾವು. ರಾಜ್ಯೋತ್ಸವಕ್ಕೆ ಬಾವುಟ ಹಾರಿಸಿದಷ್ಟೇ ಇದೂ ಕನ್ನಡದ ಕೆಲಸ.

ಈ ಸಲ ದೀಪಾವಳಿ ರಜೆಗೆ ಊರಿಗೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ ಬರ್ರಿ. ಮನೆಗೆ ಎಷ್ಟು ಹಾಲು ಉಳೀತದೆ? ಶೇಂಗಾ ಎಷ್ಟು ಕಿಲೋ ಇಟ್ಟುಕೊಂಡಿದ್ದೀರಿ? ಎಮ್ಮೆಗೆ ಬೇಸಿಗೆಯಲ್ಲಿ ಏನು ಹಾಕ್ತೀರಿ? ರೇಷನ್ ಅಕ್ಕಿಯಿಂದ ಏನು ಆರಿಸಿ ಎಸೀತೀರಿ? ಉತ್ತರಗಳನ್ನ ಸಂಘದ ಮೇಲ್‌ಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ತಾಲ್ಲೂಕುವಾರು ಟೇಬಲ್ ಮಾಡಿ ಹಾಕ್ತೀವಿ. ಆ ಟೇಬಲ್ಲಿನಲ್ಲಿ ಬಿಳಿಜೋಳಕ್ಕೂ ಒಂದು ಸಾಲು ಇರ್ತದೆ.